ಹನ್ನೊಂದು ಗಂಟಿನ ಕುಲಾವಿ

ರಾಯಚೂರಿನ ತೀನ್ ಕಂದೀಲ್ ವೃತ್ತದಿಂದ ಒಳಗೆ ಹೋಗುವ ಓಣಿಯಲ್ಲಿ ಗುಂಡಿ, ಲೇಸು, ಸೀರೆ ಫಾಲು, ಬಣ್ಣಬಣ್ಣದ ದಾರ ಮಾರುವ ಪುಟ್ಟ ಅಂಗಡಿಯೊಂದಿದೆ. ನಮ್ಮದು ಬಿಸಿಲಿನ ಊರು. ಅಲ್ಲಿಯ ಉಲ್ಲನ್ ಉಂಡೆಗಳು ವರ್ಷದ ಹತ್ತು ತಿಂಗಳು ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ನುಸಿಗುಳಿಗೆಗಳ ಜೊತೆ ಮಲಗಿರುತ್ತವೆ. ಹೋದ ವಾರ ಅಂಗಡಿಯವರು ಏಣಿ ಹತ್ತಿ ಚೀಲ ಇಳಿಸಿ ಬಾಯಿ ಬಿಚ್ಚಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಕೂಸುಗಳಿಗೆಂದೇ ಮಾಡುವ ಮೆತ್ತನೆಯ ತಿಳಿಹಳದಿ ದಾರ ಕೈಗೆತ್ತಿಕೊಂಡು, ಹನ್ನೆರಡು ಉಂಡೆ ಬೇಕು ಅಂದೆ.

"ಎಷ್ಟು ತಿಂಗಳ ಕೂಸಿಗ್ರಿ ಮೇಡಂ?" ಅಂದರು. ಕೂಸಿಗೆ ಎರಡು ಮೂರು ಉಂಡೆ ಧಾರಾಳ ಸಾಕು, ಈ ಹೆಂಗಸಿಗೆ ಹನ್ನೆರಡು ಯಾಕೆ ಎಂಬ ಅನುಮಾನ ಅವರ ಮುಖದಲ್ಲಿತ್ತು. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮಕ್ಕಳ ಬಾಯಿಂದ ಉತ್ತರ ಹೊರಡಿಸಿದವಳು ನಾನು. ಆ ಒಂದು ಪ್ರಶ್ನೆಗೆ ಏನು ಹೇಳಬೇಕೋ ತಿಳಿಯದೆ ಉಂಡೆಯನ್ನು ಅಂಗೈಯಲ್ಲಿ ಒತ್ತುತ್ತಾ ನಿಂತೆ.

ಒಂಬತ್ತು ವರ್ಷದ ಹಿಂದೆಯೂ ಇದೇ ಅಂಗಡಿಯಲ್ಲಿ, ಇದೇ ಬಣ್ಣ ಹಿಡಿದು ಹೀಗೇ ಕಕ್ಕಾಬಿಕ್ಕಿಯಾಗಿ ನಿಂತಿದ್ದೆ. ಆಗ ನಾನು ದೇವದುರ್ಗದ ಶಾಲೆಯಲ್ಲಿದ್ದೆ, ಶನಿವಾರಕ್ಕೊಮ್ಮೆ ರಾಯಚೂರಿಗೆ ಬರುತ್ತಿದ್ದೆ. ಆ ಚಳಿಗಾಲ ನಾನಿದ್ದ ಮನೆಯವರೆಲ್ಲ ಇನ್ನೂ ಹುಟ್ಟದ ಒಂದು ಜೀವಕ್ಕಾಗಿ ಉಸಿರು ಬಿಗಿಹಿಡಿದು ಕೂತಿದ್ದರು. ಅದು ಗೊತ್ತಿಲ್ಲದವಳು ನಾನೊಬ್ಬಳೇ. ಗೊತ್ತಿಲ್ಲದಿದ್ದರೂ ಸುಮ್ಮನಿರಬೇಕಿತ್ತು, ಅದೂ ಆಗಲಿಲ್ಲ.

ದೇವದುರ್ಗಕ್ಕೆ ವರ್ಗವಾಗಿ ಹೋದಾಗ ಅಂಬಮ್ಮ ಎಂಬವರ ಮನೆಯ ಮುಂಭಾಗದ ಖೋಲಿ ಬಾಡಿಗೆಗೆ ಸಿಕ್ಕಿತು. ಅಂಬಮ್ಮನಿಗೆ ಐವತ್ತರ ಹತ್ತಿರ. ಮಾತು ಕಡಿಮೆ, ಕೆಲಸ ಜಾಸ್ತಿ. ಹತ್ತಿ ಬಿಡಿಸುವ ಕಾಲದಲ್ಲಿ ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಅವರ ಗಂಡ, ಕಾಲೇಜಿಗೆ ಹೋಗುವ ಕಿರಿ ಮಗಳು ಶಾಂತಾ, ಮತ್ತೆ ಎಂಬತ್ತು ದಾಟಿದ ಅತ್ತೆ ಹನುಮವ್ವ. ಹಿರಿ ಮಗಳು ರೇಣುಕಾಳನ್ನು ಮಾನ್ವಿಗೆ ಕೊಟ್ಟಿದ್ದಾರೆ, ಅಳಿಯ ಅಲ್ಲಿ ಅಕ್ಕಿ ಗಿರಣಿಯಲ್ಲಿದ್ದಾನೆ ಎಂಬುದಷ್ಟೇ ನನಗೆ ತಿಳಿದಿತ್ತು. ಆ ಮಗಳು ಹಬ್ಬಕ್ಕೂ ಬಂದದ್ದನ್ನು ನಾನು ನೋಡಿರಲಿಲ್ಲ. ತಾಯಿಮಗಳ ನಡುವೆ ಏನೋ ಮನಸ್ತಾಪ ಇರಬೇಕು ಅಂದುಕೊಂಡಿದ್ದೆ. ಬೇರೆಯವರ ಮನೆಯ ವಿಷಯದಲ್ಲಿ ಇಂಥ ತೀರ್ಮಾನಕ್ಕೆ ಬರುವುದರಲ್ಲಿ ನಾನು ಯಾವಾಗಲೂ ಮುಂದು.

ನನಗೆ ಹೆಣಿಗೆ ಬರುತ್ತದೆ. ಶಿಕ್ಷಕಿಯರ ತರಬೇತಿಯಲ್ಲಿ ಕಲಿತದ್ದು. ಆಗ ನಾನು ಹೆಣೆದ ಸ್ವೆಟರಿಗೆ ಬಹುಮಾನವೂ ಬಂದಿತ್ತು. ಆದರೆ ರಾಯಚೂರು ಜಿಲ್ಲೆಯಲ್ಲಿ ಸ್ವೆಟರ್ ಹೆಣೆದು ಯಾರಿಗೆ ಹಾಕುವುದು? ಹೀಗಾಗಿ ಕಡ್ಡಿಗಳು ಟ್ರಂಕಿನ ತಳ ಸೇರಿದ್ದವು. ಒಮ್ಮೆ ಟ್ರಂಕು ಬಿಸಿಲಿಗೆ ಇಟ್ಟಾಗ ಅವು ಅಂಬಮ್ಮನ ಕಣ್ಣಿಗೆ ಬಿದ್ದವು. ಏನು, ಎತ್ತ ಎಂದು ವಿಚಾರಿಸಿಕೊಂಡರು. ಗಣೇಶನ ಹಬ್ಬ ಮುಗಿದ ಮೇಲೆ ಒಂದು ಸಂಜೆ ನನ್ನ ಬಾಗಿಲಿಗೆ ಬಂದು ನಿಂತರು.

"ಅಕ್ಕೋರ, ನಮ್ಮ ಅತ್ತಿಯವರಿಗೆ ಒಂದು ಸ್ವೆಟರ್ ಹೆಣದು ಕೊಡ್ರಿ. ದಾರ ನೀವೇ ರಾಯಚೂರಾಗ ನೋಡಿ ತರ್ರಿ. ಭಾಳ ಮೆತ್ತಗಿರಬೇಕು. ಕೂಸಿನ ಮೈಗೆ ಹಾಕ್ತಾರಲ್ಲ, ಅಂಥಾದ್ದು."

ಎಂಬತ್ತರ ಮುದುಕಿಗೆ ಕೂಸಿನ ದಾರ ಯಾಕೆ ಎಂದು ನಾನು ಕೇಳಲಿಲ್ಲ. ವಯಸ್ಸಾದವರ ತೊಗಲು ಸೂಕ್ಷ್ಮ, ಅದಕ್ಕಿರಬೇಕು ಎಂದು ನಾನೇ ಅರ್ಥ ಹಚ್ಚಿಕೊಂಡೆ. ಅಂಬಮ್ಮ ಇನ್ನೂ ಮೂರು ಷರತ್ತು ಹಾಕಿದರು. ಒಂದೇ ಬಣ್ಣ ಇರಬೇಕು, ಹೂವು ಬಳ್ಳಿ ಏನೂ ತೆಗೆಯಬಾರದು, ಉಂಡೆ ಮುಗಿದ ಕಡೆ ಬಿಟ್ಟರೆ ನಡುವೆ ಎಲ್ಲೂ ದಾರ ಕತ್ತರಿಸಬಾರದು. ಬಹುಮಾನ ತೆಗೆದುಕೊಂಡ ಕೈಗೆ ಇದು ಅವಮಾನವೇ ಸರಿ. ಆದರೂ ಹೂಂ ಅಂದೆ.

ಶನಿವಾರ ರಾಯಚೂರಿಗೆ ಹೋದವಳು ಬುದ್ಧಿ ಉಪಯೋಗಿಸಿ ಮೆರೂನ್ ಬಣ್ಣದ ದಪ್ಪ ದಾರ ತಂದೆ. ಹನುಮವ್ವ ತಂಬಾಕು ತಿನ್ನುತ್ತಾಳೆ, ಓಣಿಯಲ್ಲಿ ಮೊಳದುದ್ದ ಧೂಳು, ತಿಳಿ ಬಣ್ಣ ನಾಲ್ಕು ದಿನ ಬಾಳುವುದಿಲ್ಲ ಎಂದು ನನ್ನ ಲೆಕ್ಕ. ಅಂಬಮ್ಮ ಒಂದು ಎಳೆಯನ್ನು ಕೆನ್ನೆಗೆ ಒತ್ತಿ ನೋಡಿ, ಚುಚ್ಚುತ್ತದೆ ಅಂದರು. ಮುಂದಿನ ವಾರ ಮೆತ್ತನೆಯ ಗುಲಾಬಿ ತಂದೆ. ಗುಲಾಬಿ ಬೇಡ ಅಂದರು. ಹಾಗಾದರೆ ನೀಲಿ ತರಲಾ ಅಂದರೆ ಅದೂ ಬೇಡ. "ಎರಡರ ನಡುವಿಂದು ತರ್ರಿ" ಅಂದರು. ಗುಲಾಬಿ ನೀಲಿಯ ನಡುವಿನ ಬಣ್ಣ ಯಾವುದು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ ನೇರಳೆ ತಂದೆ. ಅಂಬಮ್ಮ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಡೆಗೆ ತಿಳಿಹಳದಿ ಪಾಸಾಯಿತು. ಅಷ್ಟು ಹೊತ್ತಿಗೆ ಅಂಗಡಿಯವರು ನನ್ನನ್ನು ಕಂಡರೆ ಏಣಿ ಮುಟ್ಟಲೂ ಹೆದರುತ್ತಿದ್ದರು.

ಅಳತೆ ತೆಗೆಯುವಾಗ ಹನುಮವ್ವ ಸಣ್ಣ ಹುಡುಗಿಯಂತೆ ಎರಡೂ ಕೈ ಮೇಲೆತ್ತಿ ನಿಂತಳು. ತೋಳು ಸ್ವಲ್ಪ ಗಿಡ್ಡಾದರೂ ಚಿಂತಿಲ್ಲ, ಎದೆ ಮಾತ್ರ ಪೂರಾ ಮುಚ್ಚಬೇಕು ಎಂದು ಎರಡು ಸಲ ಹೇಳಿದಳು. ಬೆನ್ನಿಗೆ ಚಳಿ ಆಗುವುದಿಲ್ಲವೇನು ಎಂದು ನಾನು ನಗೆಯಾಡಿದೆ. ಅವಳು ನಗಲಿಲ್ಲ.

ಬೆನ್ನು, ತೋಳು ಎಲ್ಲ ಅಂಬಮ್ಮ ಹೇಳಿದ ಹಾಗೆಯೇ ಹೆಣೆದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಎತ್ತು ಗಾಣ ಸುತ್ತಿದ ಹಾಗೆ. ಎದೆಯ ಭಾಗಕ್ಕೆ ಬಂದಾಗ ನನ್ನ ಸೊಕ್ಕು ಎದ್ದಿತು. ಇಷ್ಟು ಒಳ್ಳೆಯ ದಾರ, ಇಷ್ಟು ಬೋಳು ಕೆಲಸ! ಎದೆಯ ತುಂಬ ಬಿಳಿ ಎಲೆಗಳನ್ನು ತೆಗೆದರೆ ಯಾರು ಬೇಡ ಅಂದಾರು, ನೋಡಿದ ಮೇಲೆ ಅವರೇ ಖುಷಿಪಡುತ್ತಾರೆ ಅನ್ನಿಸಿತು. ಒಂದೊಂದು ಎಲೆ ಕೂರಿಸುವಾಗಲೂ ಹಳದಿ ದಾರ ಕತ್ತರಿಸಿ ಬಿಳಿ ಜೋಡಿಸಬೇಕು, ಎಲೆ ಮುಗಿದ ಮೇಲೆ ಮತ್ತೆ ಹಳದಿ. ಕತ್ತರಿಸಿದ ತುದಿಗಳನ್ನೆಲ್ಲ ಒಳಮೈಯಲ್ಲಿ ಸೇರಿಸಿ ಕಣ್ಣಿಗೆ ಬೀಳದ ಹಾಗೆ ಮುಚ್ಚಿದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ದೀಪಾವಳಿ ಕಳೆದು ಎಂಟು ದಿನಕ್ಕೆ ಸ್ವೆಟರ್ ಅಂಬಮ್ಮನ ಕೈಗಿಟ್ಟೆ. ಅವರು ಎಲೆಗಳ ಮೇಲೆ ಬೆರಳಾಡಿಸಿದರು. ಮುಖ ಸಣ್ಣದಾಯಿತು. ಚೆನ್ನಾಗಿಲ್ಲವೇ ಅಂದೆ. ಚಂದ ಅದ ಅಂದು ಒಳಗೆ ಹೋದರು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಪಿಸುಪಿಸು ಮಾತಾಡಿದ್ದು ಕೇಳಿಸಿತು. ಕೊನೆಗೆ ಹನುಮವ್ವನೇ ಸ್ವೆಟರ್ ತೊಟ್ಟು ಹೊರಬಂದು, ಹೋಗಲಿ ಬಿಡು, ಆದದ್ದಾಯಿತು ಅಂದಳು. ಒಂದು ತಿಂಗಳು ಕಣ್ಣು ನೋಯಿಸಿಕೊಂಡು ಹೆಣೆದವಳಿಗೆ ಸಿಕ್ಕ ಶಾಬಾಸ್‌ಗಿರಿ ಅಷ್ಟು. ನನಗೆ ತುಂಬಾ ಬೇಜಾರಾಯಿತು.

ಅಲ್ಲಿಂದ ಶುರುವಾದದ್ದು ಇನ್ನಷ್ಟು ಒಗಟಿನ ವಿಷಯ. ಹನುಮವ್ವ ಆ ಸ್ವೆಟರ್ ಬಿಚ್ಚಲೇ ಇಲ್ಲ. ಮುಂಜಾನೆ ಚಳಿಗೆ ತೊಡುವುದು ಸರಿ. ಮಧ್ಯಾಹ್ನ ಓಣಿಯ ನಾಯಿಗಳು ನೆರಳು ಹುಡುಕುವ ಹೊತ್ತಿನಲ್ಲೂ ಮುದುಕಿ ಮನೆ ಮುಂದಿನ ಕಟ್ಟೆಯ ಮೇಲೆ ಅದನ್ನು ತೊಟ್ಟು ಕೂತಿರುತ್ತಿದ್ದಳು. ಹಣೆಯ ಮೇಲೆ ಬೆವರಿನ ಸಾಲು. ಹೋಗಿಬರುವವರು, ಹನುಮವ್ವ ಕಾಶ್ಮೀರಕ್ಕೆ ಹೊಂಟಾಳೆ ಎಂದು ಚಾಷ್ಟಿ ಮಾಡುತ್ತಿದ್ದರು. ಬಾಯಲ್ಲಿ ಸದಾ ತಂಬಾಕು ಇರುತ್ತಿದ್ದ ಮುದುಕಿ ಅದನ್ನೂ ಬಿಟ್ಟಳು. ಕಲೆ ಬೀಳಬಾರದಂತೆ. ಎರಡು ದಿನಕ್ಕೊಮ್ಮೆ ಅಂಬಮ್ಮ ಅದನ್ನು ತಣ್ಣೀರಲ್ಲಿ ಹಿಂಡದೆ ಒಗೆದು ಮಂಚದ ಮೇಲೆ ಹರವುತ್ತಿದ್ದರು. ಒಣಗುವ ತನಕ ಮುದುಕಿ ಅದರ ಮಗ್ಗುಲಲ್ಲೇ ಕಾಯುತ್ತಾ ಕೂಡುವಳು. ನನ್ನ ಕೈಕೆಲಸದ ಮೇಲೆ ಇವರಿಗೆ ಪ್ರೀತಿಯೋ ಸಿಟ್ಟೋ ನನಗೆ ಅರ್ಥವಾಗದೆ ಹೋಯಿತು. ಶಾಂತಾಳನ್ನು ಕೇಳಿದರೆ, ನನಗೇನು ಗೊತ್ತಿಲ್ಲರೀ ಎಂದು ಪುಸ್ತಕದಲ್ಲಿ ಮುಖ ಹುದುಗಿಸಿದಳು.

ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದೆ. ಪಡಸಾಲೆಯಲ್ಲಿ ಅತ್ತೆ ಸೊಸೆ ಎದುರುಬದುರು ಕೂತಿದ್ದರು. ನಡುವೆ ನನ್ನ ಸ್ವೆಟರ್. ಅಂಬಮ್ಮ ಅದರ ಎಳೆ ಹಿಡಿದು ಸರಸರ ಬಿಚ್ಚುತ್ತಿದ್ದರು, ಹನುಮವ್ವ ಅದನ್ನು ಉಂಡೆ ಸುತ್ತುತ್ತಿದ್ದಳು. ಎರಡೂ ತೋಳು ಆಗಲೇ ಹೋಗಿದ್ದವು. ಎದೆಯ ಭಾಗ ಮಾತ್ರ ಬಿಚ್ಚಿದಷ್ಟೂ ಮಾರುದ್ದ ಮಾರುದ್ದ ತುಂಡಾಗಿ ಬರುತ್ತಿತ್ತು.

ಸಿಟ್ಟು ತಡೆಯಲಾಗಲಿಲ್ಲ. ಬೇಡವಾಗಿದ್ದರೆ ಅವತ್ತೇ ಹೇಳಬೇಕಿತ್ತು, ಹೀಗೆ ಕಣ್ಣೆದುರು ಹರಿದು ಹಾಕಬೇಕಿತ್ತಾ, ನಿಮಗೆ ಕೆಲಸದ ಬೆಲೆ ಏನು ಗೊತ್ತು ಎಂದೆಲ್ಲ ಅಂದುಬಿಟ್ಟೆ. ಇಂದು ನೆನೆದರೆ ನಾಚಿಕೆಯಾಗುತ್ತದೆ. ಖೋಲಿಗೆ ಹೋಗಿ ರಾಯಚೂರಿಗೆ ಹೊರಡಲು ಚೀಲ ತುಂಬತೊಡಗಿದೆ. ಆಗ ಹನುಮವ್ವ ಗೋಡೆ ಹಿಡಿದುಕೊಂಡು ನನ್ನ ಬಾಗಿಲ ತನಕ ಬಂದಳು. ಬಾಯಲ್ಲಿ ಹಲ್ಲಿಲ್ಲ, ಮಾತು ನಿಧಾನ.

"ಸಿಟ್ಟಾಗಬ್ಯಾಡವ್ವಾ. ಮಾನ್ವ್ಯಾಗ ನಮ್ಮ ರೇಣುಕಾಗ ಕೂಸು ಹುಟ್ಯಾದ. ಇನ್ನೂ ದಿನಾ ತುಂಬಿದ್ದಿಲ್ಲ. ಅಂಗೈಯಷ್ಟು ಅದ ಅಂತ. ತಲಿಗೆ ಬೆಚ್ಚಗ ಹಾಕ್ರಿ ಅಂತ ದವಾಖಾನ್ಯಾಗ ಹೇಳ್ಯಾರ."

ಉಳಿದದ್ದನ್ನು ಅವಳು ಹೇಳಿದ್ದು ತುಣುಕು ತುಣುಕಾಗಿ, ನಾನು ಜೋಡಿಸಿಕೊಂಡದ್ದು ಬಹಳ ಹೊತ್ತಿನ ಮೇಲೆ. ರೇಣುಕಾ ಈ ಮೊದಲು ಎರಡು ಸಲ ಬಾಣಂತನಕ್ಕೆಂದು ಇದೇ ಮನೆಗೆ ಬಂದಿದ್ದಳು. ಎರಡು ಸಲವೂ ಅಂಬಮ್ಮ ಮೊದಲೇ ಕೂಸಿನ ತಲೆಗೆ ಹೊಸ ಕುಲಾವಿ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು. ಎರಡೂ ಕೂಸು ಉಳಿಯಲಿಲ್ಲ. ಹುಟ್ಟುವ ಮೊದಲೇ ಸಿಂಗಾರ ಮಾಡಿಟ್ಟಿದ್ದಕ್ಕೇ ಹೀಗಾಯಿತು ಎಂದು ಅಂಬಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಮೂರನೆಯ ಸಲ ಮಗಳನ್ನು ತವರಿಗೆ ಕರೆಯಲಿಲ್ಲ, ಅವರೂ ನೋಡಲು ಹೋಗಲಿಲ್ಲ, ಬಸುರಿ ಎಂಬ ಮಾತನ್ನೂ ಮನೆಯಲ್ಲಿ ಯಾರೂ ಆಡಲಿಲ್ಲ. ಆದರೆ ಬರುವುದು ಚಳಿಗಾಲದ ಕೂಸು, ಬೆಚ್ಚಗಿನದೊಂದು ಬೇಕೇಬೇಕು. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತೊಡಿಸುವುದಿಲ್ಲ, ಉಂಡುಟ್ಟು ಬಾಳಿದ ಹಿರಿಯರ ಹಳೆಯ ಸೀರೆಯಲ್ಲೋ ಧೋತರದಲ್ಲೋ ಸುತ್ತುತ್ತಾರೆ. ಅದನ್ನೇ ಹಿಡಿದುಕೊಂಡು ಅತ್ತೆ ಸೊಸೆ ದಾರಿ ಹುಡುಕಿದ್ದರು. ಕೂಸಿಗಂತ ಏನೂ ಮಾಡುವುದು ಬೇಡ. ಮುದುಕಿಗಂತ ಒಂದು ಸ್ವೆಟರ್ ಹೆಣೆಸುವುದು. ಅವಳ ಮೈಮೇಲೆ ಅದು ಹಳೆಯದಾಗಲಿ. ಕೂಸು ಬಂದ ಮೇಲೆ ಬಿಚ್ಚಿ ಮಾಡಿದರಾಯಿತು. ಎದೆಯ ಬಿಸಿ ತಾಗಿದ ದಾರ ತಲೆಗೆ, ತೋಳಿನದು ಕಾಲುಚೀಲಕ್ಕೆ.

ಅಂದರೆ ನಾನು ಎಲೆ ತೆಗೆದು ತುಂಡು ತುಂಡು ಮಾಡಿದ್ದು ಸರಿಯಾಗಿ ಆ ಕೂಸಿನ ತಲೆಯ ಪಾಲಿನ ದಾರವನ್ನು. ಬೆನ್ನಿನ ದಾರದಲ್ಲಿ ಮಾಡಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಹನುಮವ್ವ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಚೀಲದಲ್ಲಿದ್ದ ಬಟ್ಟೆ ತೆಗೆದು ಕಡ್ಡಿ, ಕತ್ತರಿ, ಆ ಹಳದಿ ತುಂಡುಗಳನ್ನು ತುಂಬಿಕೊಂಡೆ. ಅಂಬಮ್ಮನೂ ನಾನೂ ಬಸ್‌ಸ್ಟ್ಯಾಂಡಿಗೆ ನಡೆದೆವು.

ಬಸ್ಸಿನಲ್ಲಿ ಹೆಣೆಯುತ್ತಾ ಹೋದೆ. ತುಂಡು ಮುಗಿದಾಗಲೆಲ್ಲ ಚೀಲದಲ್ಲಿ ಮುಂದಿನ ತುಂಡು ಹುಡುಕುತ್ತಿದ್ದೆ. ತುದಿಗಳನ್ನು ಒಳಗೆ ಹುದುಗಿಸುವಷ್ಟು ಉದ್ದ ದಾರವೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಗಂಟು ಹಾಕಲೇಬೇಕು. ಗಂಟು ಒಳಮೈಗೆ ಬಂದರೆ ಆ ಎಳೆಯ ನೆತ್ತಿಗೆ ಒತ್ತುತ್ತದೆ. ಅದಕ್ಕೆ ಎಲ್ಲ ಗಂಟುಗಳನ್ನೂ ಹೊರಮೈಗೆ ತಂದು ಬಿಗಿದೆ. ಅಳತೆಗೆ ಅಂಬಮ್ಮ ತಮ್ಮ ಮುಷ್ಟಿ ಮುಂದೆ ಚಾಚಿದರು. ಕೂಸಿನ ತಲೆ ಇಷ್ಟೇ ಇರಬೇಕು ಎಂದು ಅಂದಾಜು ಮಾಡಿಕೊಂಡು ಆ ಮುಷ್ಟಿಯ ಮೇಲೆ ಮತ್ತೆ ಮತ್ತೆ ತೊಡಿಸಿ ನೋಡಿದೆ. ಹತ್ತಿ ಬಿಡಿಸಿ ಬಿಡಿಸಿ ಗೀರು ಬಿದ್ದ ಮುಷ್ಟಿ ಅದು. ಸಿರವಾರದಲ್ಲಿ ಬಸ್ಸು ಬದಲಿಸಿದೆವು. ಮಾನ್ವಿ ಹತ್ತಿರ ಬಂದಂತೆ ರಸ್ತೆಯ ಅರ್ಧದಲ್ಲಿ ಭತ್ತ ಒಣಹಾಕಿದ್ದರು, ಬಸ್ಸು ನಿಧಾನವಾಯಿತು. ಆ ನಿಧಾನ ನನಗೆ ಉಪಕಾರವಾಯಿತು.

ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಅಂಬಮ್ಮ ಕೂತುಬಿಟ್ಟರು. ಒಳಗೆ ಬರಲು ಒಪ್ಪಲಿಲ್ಲ. ತಮ್ಮ ಕಣ್ಣು ಬಿದ್ದರೆ ಎಲ್ಲಿ ಇದೂ ಹೋಗುತ್ತದೋ ಎಂಬ ಭಯ. ನೀವೇ ಕೊಟ್ಟು ಬರ್ರಿ ಅಂದರು. ನಾನು ಒಳಗೆ ಹೋದೆ. ಯಾರೂ ಕೇಳಬಾರದೆಂದು ನಾನು ಹೆದರುತ್ತಿದ್ದ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತಿದ್ದೆ: ಇದನ್ನು ನಾನು ತೊಡಿಸಬಹುದೇ? ನನಗೆ ಮದುವೆಯಾಗಿಲ್ಲ, ಮಕ್ಕಳಿಲ್ಲ. ಕೂಸಿಗೆ ಮೊದಲ ಬಟ್ಟೆ ತೊಡಿಸಲು ನನ್ನಂಥವಳನ್ನು ಯಾರೂ ಕರೆಯುವುದಿಲ್ಲ. ಆದರೆ ನರ್ಸಮ್ಮನಿಗೆ ಈ ಲೆಕ್ಕವೆಲ್ಲ ಎಲ್ಲಿಂದ ಬರಬೇಕು? ಕೈ ತೊಳೆದುಕೊಂಡು ಬೇಗ ತೊಡಿಸಿ ಅಂದರು. ತೊಡಿಸಿದೆ. ಹುಬ್ಬಿನ ತನಕ ಇಳಿಯಿತು. ಒಂದು ಮಡಿಕೆ ಮಡಿಸಿದೆ. ಹೆಣ್ಣು ಕೂಸು, ಕಣ್ಣು ಮುಚ್ಚಿಕೊಂಡು ಮುಖ ಕಿವಿಚಿತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಮಂಚದ ಮೇಲಿಂದ ರೇಣುಕಾ, ತನ್ನ ಅವ್ವ ಬಂದಿದ್ದಾಳೇನು ಎಂದು ಕೇಳಿದಳು. ಹೊರಗೆ ಗಿಡದ ಕೆಳಗೆ ಕೂತಿದ್ದಾರೆ ಅಂದೆ. ಅವಳು ಕೂಸಿನ ಕಡೆ ಮಗ್ಗುಲಾದಳು.

"ಬಾ ಅನ್ರಿ ಅಕ್ಕೋರ. ಇನ್ನ ಎಷ್ಟು ದಿನ ಅಂತ ಅಂಜಿಕೋತ ಕುಂದ್ರೋದು."

ಅಂಬಮ್ಮ ಬಂದರು. ಕೂಸಿನ ಮುಖ ನೋಡುವ ಧೈರ್ಯವಾಗದೆ ಬರೀ ಕುಲಾವಿಯನ್ನೇ ನೋಡುತ್ತಾ ನಿಂತರು. ಗಂಟುಗಳು ನೆತ್ತಿಯ ಸುತ್ತ ಗುಳ್ಳೆ ಗುಳ್ಳೆಯಾಗಿ ಎದ್ದಿದ್ದವು. ನಾನು ತಪ್ಪಾಯಿತು ಅಂದೆ. ಗಂಟು ಹೊರಗೆ ಹಾಕಿದ್ದೀರಿ, ಚಲೋ ಆಯಿತು ಎಂದಷ್ಟೇ ಹೇಳಿ ಮಗಳ ಕೈ ಹಿಡಿದುಕೊಂಡರು.

ಸಂಕ್ರಾಂತಿ ಮುಗಿದ ಮೇಲೆ ಕೂಸನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಗಂಗಾ ಎಂದು ಹೆಸರಿಟ್ಟರು. ತೊಟ್ಟಿಲ ದಿನ ಹೆಂಗಸರೆಲ್ಲ ಆ ಕುಲಾವಿ ನೋಡಿ, ಇದು ಯಾವ ಡಿಸೈನ್ ಎಂದು ನನ್ನನ್ನು ಕೇಳಿದರು. ಮರುವರ್ಷ ನನಗೆ ರಾಯಚೂರಿಗೆ ವರ್ಗವಾಯಿತು. ಹನುಮವ್ವ ಮೂರು ವರ್ಷದ ಹಿಂದೆ ತೀರಿಕೊಂಡಳು. ಅಂಬಮ್ಮನ ಗಂಡನೂ ಹೋದರು. ಶಾಂತಾಳನ್ನು ಕವಿತಾಳಕ್ಕೆ ಕೊಟ್ಟರು.

ಅಂಗಡಿಗೆ ಹೋಗುವ ಹಿಂದಿನ ದಿನ ಅಂಬಮ್ಮ ಫೋನ್ ಮಾಡಿ, ಒಂದು ಸ್ವೆಟರ್ ಹೆಣೆಯಬೇಕಿತ್ತು ಅಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಶಾಂತಾ ಹೇಗಿದ್ದಾಳೆ ಎಂದೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟಾದರೂ ಕಲಿತಿದ್ದೇನೆ. ಹನುಮವ್ವ ಇಲ್ಲವಲ್ಲ, ತೊಡುವವರು ಯಾರು, ನೀವೇನಾ ಅಂದೆ.

"ನಾ ಗಂಡ ಸತ್ತಾಕಿ, ಬ್ಯಾಡ್ರಿ. ನೀವ ಹಾಕ್ಕೋರಿ."

ಹನುಮವ್ವ ಅದನ್ನು ತೊಟ್ಟಾಗ ಅವಳ ಗಂಡ ಸತ್ತು ಎಷ್ಟೋ ವರ್ಷವಾಗಿತ್ತು ಎಂದು ನನಗೆ ಹೊಳೆಯಿತು. ಅಂಬಮ್ಮನಿಗೆ ತಮ್ಮ ಮೇಲಿನ ಭಯಕ್ಕೆ ಇನ್ನೊಂದು ಹೆಸರು ಸಿಕ್ಕಿದೆ, ಅಷ್ಟೇ. ಅದನ್ನು ಹೇಳದೆ, ನಾನು ಮಕ್ಕಳು ಮರಿ ಕಂಡವಳಲ್ಲ, ನನ್ನ ಮೈಮೇಲಿನದು ಹೇಗೆ ನಡೆಯುತ್ತದೆ ಅಂದೆ.

"ಗಂಗಾನ ತಲಿಗೆ ಹಾಕಿದ್ದು ಯಾರ ಕೈರಿ? ಮೂರನೇ ಕ್ಲಾಸ್ ಓದಾಕತ್ತಾಳ ಈಗ. ಮತ್ತ, ಎದಿಮ್ಯಾಗ ಎಲಿ ತಗೀರಿ. ದಾರ ಕತ್ತರಸ್ರಿ. ಆ ಸಲ ಎಷ್ಟು ಗಂಟು ಬಿದ್ದಿದ್ವೋ ಅಷ್ಟ ಬೀಳಬೇಕು."

ಕತ್ತರಿಸಬೇಡ ಅಂದಾಗ ಕತ್ತರಿಸಿದೆ. ಈಗ ಕತ್ತರಿಸು ಎಂದು ಹುಕುಂ. ನನ್ನ ಸೊಕ್ಕಿನ ತಪ್ಪು ಒಂಬತ್ತು ವರ್ಷದಲ್ಲಿ ಆ ಮನೆಯ ಪದ್ಧತಿಯಾಗಿ ಕೂತಿದೆ. ಇದನ್ನು ನಂಬಬೇಕೋ ನಗಬೇಕೋ ನನಗೆ ಈಗಲೂ ತಿಳಿಯದು. ಮೂಢನಂಬಿಕೆ ಬಿಡಿ ಎಂದು ಮಕ್ಕಳಿಗೆ ಪಾಠ ಮಾಡುವ ಟೀಚರು ನಾನು. ಆದರೆ ಆ ಹೊತ್ತಿನಿಂದ ನನ್ನ ತಲೆ ತಿಂದದ್ದು ಒಂದೇ ಚಿಂತೆ. ಗಂಟುಗಳು ಎಷ್ಟಿದ್ದವು? ಒಂಬತ್ತೋ, ಹನ್ನೊಂದೋ?

ಅಂಗಡಿಯವರು ಕಾಯುತ್ತಿದ್ದರು. ನಾನು ಅಲ್ಲಿಂದಲೇ ಮಾನ್ವಿಗೆ ಫೋನ್ ಹಚ್ಚಿದೆ. ಎತ್ತಿದ್ದು ಗಂಗಾ. ನಿನ್ನ ಸಣ್ಣ ಕುಲಾವಿ ತೆಗೆದು ಅದರ ಗಂಟು ಎಣಿಸಿ ಹೇಳು ಅಂದೆ. ಪೆಟ್ಟಿಗೆಯ ಮುಚ್ಚಳದ ಸದ್ದು ಕೇಳಿಸಿತು. ಹತ್ತು ಅಂದಳು. ನಿಧಾನ ನೋಡು ಅಂದೆ.

"ಮಡಿಕಿ ಒಳಗ ಒಂದು ಅದ ರೀ ಟೀಚರ್. ಹನ್ನೊಂದು."

ಅಂಗಡಿಯವರ ಕಡೆ ತಿರುಗಿ, ಕೂಸಿಗಲ್ಲ, ನನಗೇ ಬೇಕು, ಜೊತೆಗೆ ಬಿಳಿ ದಾರವೂ ಒಂದು ಉಂಡೆ ಹಾಕಿ ಅಂದೆ. ಅವರು ನನ್ನ ನರೆತ ಕೂದಲನ್ನೂ ಆ ಹಾಲುಗೂಸಿನ ಬಣ್ಣವನ್ನೂ ಒಂದು ಸಲ ನೋಡಿದರು. ಹೊರಗೆ ಓಣಿಯಲ್ಲಿ ಬಿಸಿಲು ಕಣ್ಣು ಬಿಡಲಾಗದಷ್ಟು ಸುರಿಯುತ್ತಿತ್ತು.

"ಈ ಬಿಸಲಾಗ ಹೆಂಗ ಹಾಕ್ಕೋತೀರಿ ಮೇಡಂ?"

"ಹಾಕ್ಕೋತೀನ್ರಿ," ಅಂದೆ. "ಅವರು ಬಿಚ್ಚು ಅನ್ನೋತನಕ ಬಿಚ್ಚಂಗಿಲ್ಲ."